ಪುಅರ್: ಕಾಲ ಮಾಗಿಸಿದ್ದು, ರಾಶಿ ಮಾಗಿಸಿದ್ದು

ಚೀನಾದ ಯುನ್ನಾನ್ ಪ್ರಾಂತ್ಯದ ಪುಅರ್ ಚಹಾದ ಸೊಗಸು ತಿಳಿಯಬೇಕಾದರೆ ಅದರ ಎರಡು ಬಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕುಡಿಯಬೇಕು. ಒಂದು ಶೆಂಗ್: ಬಾಣಲೆಯಲ್ಲಿ ಬಾಡಿಸಿ, ಬಿಸಿಲಲ್ಲಿ ಒಣಗಿಸಿ, ಹಬೆಯಲ್ಲಿ ಮೆತ್ತಗಾಗಿಸಿ ಬಿಲ್ಲೆಯಾಗಿ ಒತ್ತಿದ ಎಲೆ. ಅದು ವರ್ಷಗಟ್ಟಲೆ ತಾನಾಗಿಯೇ ಮಾಗುತ್ತದೆ. ಇನ್ನೊಂದು ಶೌ: ಎಲೆಗಳನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮೇಲೆ ಹೊದಿಸಿ ವಾರಗಟ್ಟಲೆ ಹುದುಗಿಸಿದ್ದು. ಇದು ಯುನ್ನಾನಿನ ಕಾರ್ಖಾನೆಗಳಲ್ಲಿ ನೆಲೆಗೊಂಡದ್ದು 1970ರ ದಶಕದಲ್ಲಿ. ಸಾಂಪ್ರದಾಯಿಕ ಬಿಲ್ಲೆಯ ತೂಕ 357 ಗ್ರಾಂ. ಅಂಥ ಏಳನ್ನು ಬಿದಿರಿನ ಹಾಳೆಯಲ್ಲಿ ಸುತ್ತಿ ಕಟ್ಟುತ್ತಾರೆ.

ಎರಡಕ್ಕೂ ಕುದಿಯುವ ನೀರು, ಪುಟ್ಟ ಮುಚ್ಚಳದ ಬಟ್ಟಲು. ಮೊದಲ ನೀರನ್ನು ಚೆಲ್ಲಿ, ಆಮೇಲಿನದನ್ನು ಕೆಲವೇ ಸೆಕೆಂಡುಗಳಲ್ಲಿ ಬಸಿಯಬೇಕು. ಎಳೆಯ ಶೆಂಗ್ ಹೊಂಬಣ್ಣದ್ದು. ಒಗರು, ಕಹಿ, ಬಳಿಕ ನೆಲ್ಲಿಕಾಯಿ ತಿಂದು ನೀರು ಕುಡಿದಾಗಿನಂತೆ ಗಂಟಲಲ್ಲೇಳುವ ಸಿಹಿ. ಇಪ್ಪತ್ತು ವರ್ಷ ಕಳೆದ ಶೆಂಗ್‌ನಲ್ಲಿ ಕಹಿ ತಗ್ಗಿ, ಬಣ್ಣ ಕೆಂಪಾಗಿ, ಕರ್ಪೂರದ ತಂಪು ಸುಳಿಯಬಹುದು. ಶೌ ಮೊದಲಿನಿಂದಲೂ ಕಡುಗಪ್ಪು, ಮೃದು. ಮಣ್ಣಿನ, ಹಳೆ ಮರದ ವಾಸನೆ. ಹೊಟ್ಟೆಗೆ ಹಿತ, ಆದರೆ ಗುಟುಕಿನಿಂದ ಗುಟುಕಿಗೆ ರುಚಿ ಅಷ್ಟು ತಿರುಗುವುದಿಲ್ಲ. ನನ್ನ ಒಲವು ಹಳೆಯ ಶೆಂಗ್ ಕಡೆಗೇ.

ಇಟ್ಟ ಜಾಗವೂ ರುಚಿಯಲ್ಲಿ ಮಾತಾಡುತ್ತದೆ. ಹಾಂಗ್‌ಕಾಂಗ್‌ನ ತೇವದ ಗಾಳಿಯಲ್ಲಿ ಚಹಾ ಬೇಗ ಮಾಗುತ್ತದೆ, ಕುನ್ಮಿಂಗ್‌ನ ಒಣಹವೆಯಲ್ಲಿ ನಿಧಾನ. ತೇವ ಮಿತಿಮೀರಿದರೆ ಬೂಷ್ಟು.

ಕುಡಿದಾದ ಮೇಲೆ ನೆನೆದ ಎಲೆಯನ್ನು ಬೆರಳಲ್ಲಿ ಬಿಡಿಸಿ ನೋಡಿ: ಚೆನ್ನಾಗಿ ಮಾಗಿದ ಶೆಂಗ್ ಕಂದು ಬಣ್ಣದಲ್ಲಿ ಮೆತ್ತಗೆ ಅರಳಿರುತ್ತದೆ, ಶೌ ಕಪ್ಪಾಗಿ, ಸುಲಭಕ್ಕೆ ಬಿಚ್ಚಿಕೊಳ್ಳದು.