ಬಾಲಲೈಕಾದ ಮಂದ್ರಕ್ಕೆ ಕಿವಿಗೊಡುವುದು

ಹಾಡುವವರ ಕಂಠ ತಗ್ಗು, ವಾದ್ಯದ ಶ್ರುತಿ ಎತ್ತರ. ಆಗ ಕೈ ಮೊದಲು ಹೋಗುವುದು ಬಿರಡೆಗೆ. ರಷ್ಯದ ಬಾಲಲೈಕಾವನ್ನು ಹೊಸದಾಗಿ ಹಿಡಿದವರು ಇರುವ ತಂತಿಯನ್ನೇ ಸಡಿಲಿಸಿಬಿಡುತ್ತಾರೆ. ಶ್ರುತಿಯೇನೋ ಇಳಿಯುತ್ತದೆ, ಅದರ ಜೊತೆಗೆ ನಾದವೂ ಇಳಿದುಹೋಗುತ್ತದೆ. ತಂತಿ ಮೆಟ್ಟುಗಳಿಗೆ ಬಡಿದು ಕರಕರ ಅನ್ನುತ್ತದೆ. ಬೆರಳು ಒತ್ತಿದಲ್ಲಿ ಸ್ವರ ಜಾರಿ ಏರುತ್ತದೆ. ಬಾಲಲೈಕಾದ ಕುದುರೆಯನ್ನು ಹಲಗೆಗೆ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ನಿಲ್ಲಿಸಿರುತ್ತದೆ. ಆ ಒತ್ತಡ ಕುಗ್ಗಿದರೆ ತಂತಿಯ ಕಂಪನ ಹಲಗೆಗೆ ಸರಿಯಾಗಿ ಇಳಿಯುವುದಿಲ್ಲ. ಸಭೆಯಲ್ಲಿ ಕುಳಿತ ರಸಿಕರು ಈ ಪೇಲವತನವನ್ನು ಗುರುತಿಸಲು ಕಲಿತರೆ ಗಟ್ಟಿ ಮಂದ್ರದ ಬೆಲೆ ತಾನಾಗಿ ತಿಳಿಯುತ್ತದೆ.

ನಾವು ಹೆಚ್ಚಾಗಿ ನೋಡುವ ಬಾಲಲೈಕಾದ ಹೆಸರು ಪ್ರಿಮಾ. ಎರಡು ನೈಲಾನ್ ತಂತಿಗಳಿಗೂ ಒಂದೇ ಸ್ವರ, ಮಿ. ಮೂರನೆಯದು ಉಕ್ಕಿನದು, ಲಾ, ಸೆಕೆಂಡಿಗೆ 440 ಕಂಪನ. ನಮ್ಮ ಲೆಕ್ಕದಲ್ಲಿ ಷಡ್ಜ, ಷಡ್ಜ, ಶುದ್ಧ ಮಧ್ಯಮ. ಜಾನಪದ ವಾದಕರಲ್ಲಿ ಬಳಕೆಯಲ್ಲಿರುವ ಗಿಟಾರ್ ಶ್ರುತಿ ಬೇರೆ: ಷಡ್ಜ, ಅಂತರ ಗಾಂಧಾರ, ಪಂಚಮ. ರಷ್ಯದ ಏಳು ತಂತಿ ಗಿಟಾರಿನ ಮೊದಲ ಮೂರು ತಂತಿಗಳೂ ಹೀಗೆಯೇ ಕೂಡಿರುತ್ತವೆ. ಬೆರಳಿಡದೆ ಬೀಸಿದರೂ ತುಂಬು ನಾದ ಹೊಮ್ಮುತ್ತದೆ.

ಸಡಿಲಿಸುವ ಬದಲು ದಪ್ಪ ತಂತಿ ಹಾಕಬಹುದು. ಈಗ ಆ ದಪ್ಪದ ಮಾತು. ಷಡ್ಜದಿಂದ ಚತುಶ್ರುತಿ ರಿಷಭಕ್ಕಿರುವಷ್ಟು ಅಂತರ ಇಳಿಸಿದರೆ ಅದೇ ತಂತಿಯ ಬಿಗಿ ಶೇ. 20ರಷ್ಟು ಕಳೆಯುತ್ತದೆ. ಅದನ್ನು ತುಂಬಲು 0.70 ಮಿ.ಮೀ. ನೈಲಾನ್ ಇದ್ದಲ್ಲಿ 0.79 ಹಾಕಿದರೆ ಸಾಕು. ಶುದ್ಧ ಮಧ್ಯಮದಷ್ಟು ಇಳಿಸಿದರೆ ಹೋಗುವುದು ಶೇ. 44! ಆಗ 0.28ರ ಉಕ್ಕಿನ ಜಾಗಕ್ಕೆ 0.37 ಬೇಕು. ಗಿಡ್ಡ ದಂಡಿಯ ಮೇಲೆ ಅಷ್ಟು ದಪ್ಪದ ಉಕ್ಕು ಗಡಸಾಗಿ, ಮಂಕಾಗಿ ನುಡಿಯುತ್ತದೆ. ಆದ್ದರಿಂದ ಒಂದು ಸ್ವರದವರೆಗೆ ತಂತಿ ಬದಲಿಸಿ. ಅದಕ್ಕೂ ಕೆಳಗೆ ಹೋಗಬೇಕೆಂದರೆ ವಾದ್ಯವನ್ನೇ ಬದಲಿಸಿ ಎನ್ನುತ್ತೇನೆ.

ರಷ್ಯದ ಬಾಲಲೈಕಾ ವಾದಕ ವಾಸಿಲಿ ಆಂದ್ರೇಯೆವ್ (1861–1918) ಹಿಡಿದ ದಾರಿಯೂ ಅದೇ. ಇವಾನೊವ್, ಪಾಸೆರ್ಬ್‌ಸ್ಕಿ, ನಲೀಮೊವ್ ಮೊದಲಾದ ವಾದ್ಯಶಿಲ್ಪಿಗಳ ಜೊತೆಗೂಡಿ ಆತ ಹಳ್ಳಿಯ ವಾದ್ಯವೊಂದನ್ನು ದೊಡ್ಡ ಕುಟುಂಬವಾಗಿ ಬೆಳೆಸಿದ. 1888ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಅವನ ಬಳಗದ ಮೊದಲ ಕಚೇರಿ ನಡೆಯಿತು. ಆ ಕುಟುಂಬದಲ್ಲಿ ಪ್ರಿಮಾದ ನಂತರದ ಸೆಕುಂಡಾದ ಶ್ರುತಿ ಲಾ-ಲಾ-ರೆ, ಪ್ರಿಮಾಗಿಂತ ಪಂಚಮದಷ್ಟು ಕೆಳಗೆ. ಆಲ್ಟೊ ಮತ್ತೆ ಮಿ-ಮಿ-ಲಾ, ಆದರೆ ಪೂರ್ತಿ ಒಂದು ಸ್ಥಾಯಿ ತಗ್ಗು. ಬಾಸ್ ಇನ್ನೂ ಆಳ. ಕಾಂಟ್ರಾಬಾಸ್ ಅಂತೂ ಒಂದು ಮೂಲೆಯನ್ನು ನೆಲಕ್ಕೆ ಊರಿ ನಿಲ್ಲುತ್ತದೆ, ಅದನ್ನು ಮೀಟುವುದು ಚರ್ಮದ ತುಂಡಿನಿಂದ. ತಗ್ಗು ಸ್ವರಕ್ಕೆ ಉದ್ದದ ತಂತಿ, ಹಿರಿದಾದ ಒಡಲು: ಪ್ರತಿ ಗಾತ್ರದಲ್ಲೂ ಈ ತಿಳಿವಳಿಕೆ ಕೆಲಸ ಮಾಡಿದೆ.

ವಾದ್ಯ ಬದಲಿಸಲು ಹಳೆಯ ಬಾಲಲೈಕಾವನ್ನು ಕೊಳ್ಳುವಾಗ ಕುದುರೆಯ ಸುತ್ತ ಹಲಗೆ ಕುಸಿದಿದೆಯೇ, ದಂಡಿ ಬಾಗಿದೆಯೇ ನೋಡಿ. ಮೂರೂ ಉಕ್ಕಿನ ತಂತಿ ಹಾಕಿದ ಬಾಲಲೈಕಾಗಳೂ ಸಿಗುತ್ತವೆ. ಅವುಗಳಲ್ಲಿ ನೈಲಾನಿನ ಮೃದು ನುಡಿ ಹುಡುಕಬೇಡಿ.

ಇರುವ ವಾದ್ಯಕ್ಕೇ ದಪ್ಪ ತಂತಿ ಹಾಕುವುದಾದರೆ ತಂತಿಗಳನ್ನು ಒಂದೊಂದಾಗಿ ಬದಲಿಸಿ. ಮೂರನ್ನೂ ಒಮ್ಮೆಗೇ ಬಿಚ್ಚಿದರೆ ಕುದುರೆ ಬಿದ್ದು ತನ್ನ ಜಾಗ ಮರೆಯುತ್ತದೆ. ದಪ್ಪ ತಂತಿ ದಂಡಿಯ ತುದಿಯ ಗೀರಿನಲ್ಲಿ ಸಿಕ್ಕಿಕೊಂಡರೆ ಗೀರನ್ನು ನವಿರಾಗಿ ಅಗಲಿಸಬೇಕು. ಬಳಿಕ ಹನ್ನೆರಡನೆಯ ಮೆಟ್ಟಿನ ನೇರಕ್ಕೆ ತಂತಿಯನ್ನು ಸುಮ್ಮನೆ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಒತ್ತಿದ ಸ್ವರ ಮೇಲಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಬುಡದ ಕಡೆಗೆ ಸರಿಸಿ. ದಪ್ಪ ತಂತಿ ಹಾಕಿದಾಗ ಇದು ಬೇಕಾಗುವುದೇ ಹೆಚ್ಚು. ನೈಲಾನ್ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ತಾಳ್ಮೆಯಿಂದ ಮತ್ತೆ ಮತ್ತೆ ಶ್ರುತಿ ಸೇರಿಸಿ.

ಇನ್ನು ಕೇಳಲು ಕೂರೋಣ. ‘ಬೆಳಗುವ ಚಂದಿರ’ ಎಂಬರ್ಥದ ಜನಪದ ಧಾಟಿಯ ಮೇಲೆ ಆಂದ್ರೇಯೆವ್ ರಚಿಸಿದ ವಿಸ್ತಾರಗಳನ್ನು ವಾದ್ಯವೃಂದದಲ್ಲಿ ಹುಡುಕಿ. ಮೊದಲ ಸಲ ಪ್ರಿಮಾದ ಹಿಂದೆಯೇ ಹೋಗಿ, ತೋರುಬೆರಳಿನ ಆ ಮಿಂಚುವೇಗವನ್ನು ಮನಸಾರೆ ಸವಿಯಿರಿ. ಎರಡನೆಯ ಸಲ ಅದನ್ನು ಬಿಟ್ಟು, ನಡುವೆ ತಾಳ ತುಂಬುವ ಸೆಕುಂಡಾ, ಆಲ್ಟೊಗಳನ್ನು ಹಿಡಿಯಿರಿ. ಮೂರನೆಯ ಸಲ ಕಣ್ಣು ಮುಚ್ಚಿ, ಕಾಂಟ್ರಾಬಾಸಿನ ಒಂದು ಮೀಟು ಎಷ್ಟು ಹೊತ್ತು ನಿಲ್ಲುತ್ತದೆ, ಯಾವಾಗ ಆರುತ್ತದೆ ಎಂಬುದನ್ನಷ್ಟೇ ಕೇಳಿ.