ಅಶ್ವತ್ಥರ ಚಾಮಯ್ಯ ಮೇಷ್ಟರು

ಪೋಷಕ ನಟನೆಂಬ ಮಾತಿನಲ್ಲಿ ಒಂದು ಅನ್ಯಾಯ ಅಡಗಿದೆ. ಕಥೆಯ ಭಾರವನ್ನೆಲ್ಲ ನಾಯಕನೇ ಹೊತ್ತನೆಂದೂ ಉಳಿದವರು ಕೈಯಾಸರೆ ಕೊಟ್ಟರೆಂದೂ ಅದರ ಧ್ವನಿ. ದಿವಂಗತ ಕೆ. ಎಸ್. ಅಶ್ವತ್ಥರ (1925–2010) ವಿಷಯದಲ್ಲಿ ಅದು ಸಲ್ಲದು. ಮೈಸೂರಿನವರಾದ ಅವರು 1955ರ ‘ಸ್ತ್ರೀರತ್ನ’ದಿಂದ ತೆರೆಗೆ ಬಂದರು. ಪೌರಾಣಿಕ ಚಿತ್ರಗಳಲ್ಲಿ ನಾರದರಾದರು. ಸಾಮಾಜಿಕ ಚಿತ್ರಗಳಲ್ಲಿ ಅಣ್ಣ, ತಂದೆ, ಮಾವ. ‘ಕಸ್ತೂರಿ ನಿವಾಸ’ದಲ್ಲಿ (1971) ನಿಷ್ಠಾವಂತ ಸೇವಕ. ಮುನ್ನೂರಕ್ಕೂ ಮಿಕ್ಕ ಚಿತ್ರಗಳ ಈ ರಾಶಿಯಲ್ಲಿ ಒಂದೇ ಅಚ್ಚಿನ ಪಾತ್ರಗಳು ಸಾಕಷ್ಟಿವೆ. ಒಳ್ಳೆಯತನವನ್ನೇ ಮತ್ತೆ ಮತ್ತೆ ಅಭಿನಯಿಸಬೇಕಾದವನಿಗೆ ಅದು ತಪ್ಪಿದ್ದಲ್ಲ.

ಆದರೆ 1972ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ‘ನಾಗರಹಾವು’ ತೆಗೆದಾಗ, ಆ ಒಳ್ಳೆಯತನವೇ ಕಥೆಯ ಗಂಟಾಯಿತು. ತಂದೆತಾಯಿಗೂ ಕಾಲೇಜಿನ ಪ್ರಿನ್ಸಿಪಾಲರಿಗೂ ಬಗ್ಗದ ರಾಮಾಚಾರಿ ಬಗ್ಗುವುದು ಎಳವೆಯಲ್ಲಿ ತನಗೆ ಕಲಿಸಿದ ಚಾಮಯ್ಯ ಮೇಷ್ಟರೊಬ್ಬರಿಗೇ. ಮಕ್ಕಳಿಲ್ಲದ ಮೇಷ್ಟರಿಗೂ ಅವನೇ ಮಗ. ಅಲಮೇಲುವನ್ನು ಮರೆತುಬಿಡೆಂದು ಅವರು ಕೇಳುವಾಗ ಅಶ್ವತ್ಥರು ದನಿಯೇರಿಸುವುದಿಲ್ಲ, ಗದರುವುದಿಲ್ಲ. ಮಗುವಿಗೆ ಮದ್ದು ಕುಡಿಸುವ ತಾಯಿಯಂತೆ, ಪ್ರೀತಿಯಿಂದಲೇ ಆ ಹುಡುಗನ ಬಾಳಿನ ದಿಕ್ಕು ತಪ್ಪಿಸುತ್ತಾರೆ. ಗುರುದಕ್ಷಿಣೆಗಾಗಿ ಹೆಬ್ಬೆರಳು ಬೇಡಿದ ದ್ರೋಣನನ್ನಾದರೂ ನಾವು ದೂರಬಲ್ಲೆವು. ಈ ಮೇಷ್ಟರನ್ನು ದೂರಲು ಬಾಯಿ ಬರುವುದಿಲ್ಲ. ಅಲಮೇಲುವಿಗೆ ಮುಂದೆ ಒದಗಿದ ದುರ್ಗತಿಯನ್ನು ಕಂಡ ಮೇಲೂ ಬರುವುದಿಲ್ಲ. ಅಭಿನಯದ ಗೆಲುವೂ ಅಪಾಯವೂ ಇದೇ ಎಂದು ನಮಗೆ ತೋರುತ್ತದೆ.

ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಾವು ಈ ಪಾತ್ರವನ್ನು ನಮ್ಮ ವೃತ್ತಿಗೆ ಸಂದ ಗೌರವವೆಂದು ಬಗೆದು ಹಿಗ್ಗುವುದುಂಟು. ಶಿಷ್ಯನ ವಿಶ್ವಾಸವನ್ನು ಗಳಿಸುವ ಬಗೆಯನ್ನು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಗಳಿಸಿದ ವಿಶ್ವಾಸವನ್ನು ಎಲ್ಲಿಯವರೆಗೆ ಬಳಸಬಹುದೆಂಬುದು ಪಠ್ಯದಲ್ಲಿರಲಿಲ್ಲ. ಚಾಮಯ್ಯನವರನ್ನು ನೋಡಿ ಹಿಗ್ಗುವುದಕ್ಕಿಂತ ಕೊಂಚ ಅಂಜುವುದೇ ಲೇಸು.

ಈ ಕಥೆ 1974ರಲ್ಲಿ ಹಿಂದಿಗೂ ತೆಲುಗಿಗೂ ಹೋಯಿತು. ‘ಜಹರೀಲಾ ಇನ್ಸಾನ್’ನಲ್ಲಿ ಮೇಷ್ಟರಾದವರು ಖಳಪಾತ್ರಗಳಿಂದ ಹೆಸರಾದ ಪ್ರಾಣ್, ನಮ್ಮ ನೆರೆಯ ತೆಲುಗಿನ ‘ಕೋಡೆ ನಾಗು’ವಿನಲ್ಲಿ ಕವಿ ಆಚಾರ್ಯ ಆತ್ರೇಯ. ಒಬ್ಬರು ಹಳೆಯ ಪಾತ್ರಗಳ ನೆರಳನ್ನೂ ಇನ್ನೊಬ್ಬರು ಕವಿಯ ಕೀರ್ತಿಯನ್ನೂ ಹೊತ್ತು ಬಂದವರು. ಅಶ್ವತ್ಥರೊಡನೆ ಬಂದದ್ದು ಹದಿನೇಳು ವರ್ಷ ನಾವು ನಂಬಿದ್ದ ಮುಖ. ಆದುದರಿಂದಲೇ ಕನ್ನಡದಲ್ಲಿ ಮೇಷ್ಟರು ಎಡವಿದಾಗ ಅವರ ಹಿಂದೆಯೇ ಪ್ರೇಕ್ಷಕನೂ ಎಡವಿದನು.

ಕಡೆಗೆ ಬೆಟ್ಟದ ಮೇಲೆ, ಮಾರ್ಗರೇಟಳನ್ನೂ ಬಿಡಬೇಕೆಂದು ಅವರು ಮತ್ತೆ ಕೇಳುತ್ತಾರೆ. ಈ ಸಲ ಶಿಷ್ಯನು ಒಪ್ಪುವುದಿಲ್ಲ. ಅವರು ಬೀಳುವುದು ಅವನ ಕೈಯಿಂದಲೇ, ಅವನು ಬಯಸದೆಯೇ. ವಿಷ್ಣುವರ್ಧನರ ರೋಷಕ್ಕೆ ಅಲ್ಲಿ ಚಪ್ಪಾಳೆ ಸಂದಿದೆ, ಸಲ್ಲತಕ್ಕದ್ದೇ. ತನ್ನ ಮಾತು ಇನ್ನು ನಡೆಯದೆಂದು ಅರಿತ ಮೇಷ್ಟರ ಮುಖವನ್ನೂ ವಾಚಕರು ಇನ್ನೊಮ್ಮೆ ನೋಡಬೇಕು.