ನೆಗಟಿವ್ ಎಂಬ ಓಲೆಗರಿ

ಸೋದರಮಾವನವರ ಬೀರುವಿನಲ್ಲಿ ಎಷ್ಟೋ ವರ್ಷ ಅನಾಥವಾಗಿ ಬಿದ್ದಿದ್ದ ಯಾಶಿಕಾ ಎಲೆಕ್ಟ್ರೋ ೩೫ ಕ್ಯಾಮೆರಾವೊಂದು ನನ್ನ ಪಾಲಿಗೆ ಬಂದು, ಈಗ ಎರಡು ವರ್ಷಗಳಿಂದ ಮಲ್ಲತ್ತಹಳ್ಳಿಯ ಕೆರೆಯೇರಿಯ ಮೇಲೂ ಕಲಾಗ್ರಾಮದ ಮರಗಳ ಕೆಳಗೂ ಜ್ಞಾನಭಾರತಿಯ ಹಾದಿಗಳಲ್ಲೂ ನನ್ನ ಕೊರಳಿಗೆ ಜೋತುಬಿದ್ದು ತಿರುಗಿದೆ. ಫಿಲಂ ಛಾಯಾಗ್ರಹಣಕ್ಕೆ ಮರಳುವ ಈ ಅಭಿರುಚಿಯನ್ನು ಕೆಲವರು ಹಳೆಯದರ ಮೇಲಣ ವ್ಯಾಮೋಹವೆಂದು ತಳ್ಳಿಹಾಕುವರು. ಕೆಲವರು ತಪಸ್ಸೆಂದೇ ಕೊಂಡಾಡುವರು. ಎರಡೂ ಅತಿಯಾಯಿತು. ಉಪಕರಣವು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಪರಿಶೀಲಿಸದೆ ಅದಕ್ಕೆ ಬೆಲೆ ಕಟ್ಟುವುದು ನ್ಯಾಯವಲ್ಲ.

೧೯೬೬ರಲ್ಲಿ ಜಪಾನಿನಲ್ಲಿ ಹೊರಬಂದ ಈ ಮಾದರಿ ರೇಂಜ್‌ಫೈಂಡರ್ ಕುಲದ್ದು. ೧೯೨೫ರಲ್ಲಿ ಮಾರುಕಟ್ಟೆಗೆ ಬಂದು, ೧೯೩೨ರಲ್ಲಿ ದೂರಮಾಪಕವನ್ನು ತನ್ನ ಒಡಲೊಳಗೇ ಅಳವಡಿಸಿಕೊಂಡ ಜರ್ಮನಿಯ ಲೈಕಾ ಈ ಕುಲದ ಹಿರಿಯ. ಒಂದಕ್ಕೊಂದು ತುಸು ಅಂತರದಲ್ಲಿರುವ ಎರಡು ಕಿಂಡಿಗಳಿಂದ ಬಂದ ಬಿಂಬಗಳು ನೋಟದ ನಡುವಣ ಹಳದಿ ಮಚ್ಚೆಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಬಳೆಯನ್ನು ಮೆಲ್ಲನೆ ತಿರುಗಿಸುತ್ತ ಹೋದಂತೆ, ಏರಿಯ ಮೇಲೆ ಇಬ್ಬರಾಗಿ ಕಾಣುತ್ತಿದ್ದ ಕಡಲೆಕಾಯಿ ಮಾರುವಾಕೆ ಒಬ್ಬಳಾಗುವ ಕ್ಷಣವೇ ಫೋಕಸ್ ಕೂಡಿದ ಕ್ಷಣ. ಚೌಕಟ್ಟನ್ನು ಸೂಚಿಸುವ ಗೆರೆಯ ಹೊರಗಣ ಲೋಕವೂ ಈ ಕಿಂಡಿಯಲ್ಲಿ ಕಾಣುವುದರಿಂದ, ಚಿತ್ರದೊಳಕ್ಕೆ ಕಾಲಿಡಲಿರುವವರನ್ನು ಅವರು ಬರುವ ಮುನ್ನವೇ ಕಾದುಕೊಳ್ಳಬಹುದು. ಕನ್ನಡಿ ಮೇಲೇಳುವ ಬಗೆಯ ಕ್ಯಾಮೆರಾಗಳಲ್ಲಿ ಚಿತ್ರ ಬೀಳುವ ನಿಮಿಷಾರ್ಧದಲ್ಲಿ ಕಣ್ಣಿಗೆ ಕವಿಯುವ ಕತ್ತಲೆಯೂ ಇಲ್ಲಿಲ್ಲ. ನೋಡುವವನನ್ನು ನೋಟದಿಂದ ಹೊರದೂಡದಿರುವುದು ಈ ಯಂತ್ರದ ಮೊದಲ ಗುಣ.

ಆ ಗುಣದ ಬೆನ್ನಿಗೇ ದೋಷವೂ ಅಂಟಿಕೊಂಡಿದೆ. ಕಣ್ಣು ಲೆನ್ಸಿನ ಮೂಲಕ ನೋಡದಾದ್ದರಿಂದ ಲೆನ್ಸಿನ ಮುಚ್ಚಳವನ್ನು ತೆಗೆಯಲು ಮರೆತರೂ ಕಿಂಡಿಯಲ್ಲಿ ಲೋಕ ಎಂದಿನಂತೆಯೇ ಬೆಳಗುತ್ತಿರುತ್ತದೆ. ಬೆಳಕನ್ನು ಅಳೆಯುವ ಕಣ್ಣೂ ಲೆನ್ಸಿನೊಳಗಿರದೆ ಕ್ಯಾಮೆರಾದ ಹಣೆಯ ಮೇಲಿರುವುದರಿಂದ ಎಚ್ಚರಿಕೆಯ ದೀಪವೂ ಸುಮ್ಮನಿರುತ್ತದೆ. ನನ್ನ ಮೊದಲ ರೋಲಿನ ಹನ್ನೊಂದು ಫ್ರೇಮುಗಳು ಹೀಗೆ ಮುಚ್ಚಳದ ಹಿಂದಣ ಅಂಧಕಾರಕ್ಕೆ ಅರ್ಪಿತವಾದುವು. ಮೂವತ್ತಾರರಲ್ಲಿ ಹನ್ನೊಂದು ಹೋದುದು ಸಣ್ಣ ನಷ್ಟವಲ್ಲ.

ಫಿಲಂ ತೊಳೆಯುವ ಕೆಲಸ ಮನೆಯಲ್ಲಿಯೇ. ಅಡಗಿದ ಬಿಂಬವನ್ನು ಕಣ್ಣಿಗೆ ತೋರಿಸುವ ಡಿ-೭೬ ದ್ರಾವಣಕ್ಕೆ ೨೦ ಡಿಗ್ರಿಯ ಶಾಖ ವಿಹಿತ. ಮಾಗಿಯ ಬೆಳಗಿನಲ್ಲಿ ನಮ್ಮೂರಿನ ನಲ್ಲಿಯ ನೀರು ಬಹುಮಟ್ಟಿಗೆ ಒಪ್ಪುವುದಾದರೆ, ಬೇಸಿಗೆಯಲ್ಲಿ ಡಬ್ಬಿಯನ್ನು ಐಸುಗಡ್ಡೆಯ ನೀರಿನಲ್ಲಿಡಬೇಕಾಗುವುದು. ಅದಾದಮೇಲೆ ಹೈಪೋ, ಬೆಳಕು ತಾಕದ ಬೆಳ್ಳಿಯ ಲವಣವನ್ನು ಅದು ಕರಗಿಸಿ ಒಯ್ಯುತ್ತದೆ. ಈ ಕ್ರಿಯೆಯನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ತಾಳೆಗರಿ. ಲಿಪಿಕಾರನು ಕಂಟವೆಂಬ ಮೊನಚು ಲೇಖನಿಯಿಂದ ಕೊರೆದ ಅಕ್ಷರ ಗರಿಯಲ್ಲಿ ಇದ್ದೂ ಕಾಣದಂತಿದ್ದು, ಮಸಿ ಸವರಿ ಒರೆಸಿದ ಮೇಲೆ ಎದ್ದು ತೋರುವುದಷ್ಟೆ? ಬೆಳಕು ಬರೆದ ಬರಹಕ್ಕೂ ಅದೇ ಗತಿ.

ಹೋಲಿಕೆ ಇಲ್ಲಿಗೇ ನಿಲ್ಲದು. ಓಲೆಗರಿ ಅಚ್ಚಿನ ಪುಸ್ತಕವಾಗಬೇಕಾದರೆ ನಡುವೆ ಸಂಪಾದಕನೊಬ್ಬನು ಬೇಕು. ನೆಗಟಿವ್ ಪರದೆಯ ಮೇಲಣ ಚಿತ್ರವಾಗಬೇಕಾದರೆ ಸ್ಕ್ಯಾನರ್ ಬೇಕು. ೨೪ಕ್ಕೆ ೩೬ ಮಿಲಿಮೀಟರಿನ ಆ ಕಿರಿಯ ಫ್ರೇಮನ್ನು ಅಂಗುಲಕ್ಕೆ ೨,೪೦೦ ಬಿಂದುಗಳಂತೆ ಓದಿಸಿದರೆ ಸುಮಾರು ೭೭ ಲಕ್ಷ ಬಿಂದುಗಳ ಚಿತ್ರ ದೊರೆಯುತ್ತದೆ. ಸಾಧಾರಣ ಮುದ್ರಣಕ್ಕೆ ಅದು ಸಾಲದೆ ಹೋಗದು. ಧೂಳನ್ನು ಮಾತ್ರ ಕುಂಚದಿಂದಲೂ ಸಹನೆಯಿಂದಲೂ ನಾವೇ ಕಳೆಯಬೇಕು. ಬಣ್ಣದ ಫಿಲಮ್ಮಿನಲ್ಲಿ ಅವಕೆಂಪು ಕಿರಣದಿಂದ ಧೂಳನ್ನು ಗುರುತಿಸಿ ಅಳಿಸುವ ಸೌಲಭ್ಯವು ಸಾಮಾನ್ಯ ಕಪ್ಪುಬಿಳುಪಿಗೆ ಒದಗದು. ಬೆಳ್ಳಿಯ ಕಣಗಳು ಆ ಕಿರಣವನ್ನೂ ತಡೆಯುವುದರಿಂದ ಯಂತ್ರಕ್ಕೆ ಚಿತ್ರವೇ ಧೂಳಾಗಿ ತೋರುತ್ತದೆ.

ನನ್ನ ಆಕ್ಷೇಪ ಇರುವುದು ಈ ಘಟ್ಟದಲ್ಲಿ. ಒಂದು ಪುಷ್ಯಮಾಸದ ಬೆಳಗ್ಗೆ ಕೆರೆಯ ಮೇಲೆ ಮಂಜು ಕವಿದು, ಆಚೆಯ ದಡವೆಲ್ಲ ಅಳಿಸಿಹೋಗಿ, ಬೆಳ್ಳಕ್ಕಿಯೊಂದು ಮಾತ್ರ ಮಸುಕು ಗೆರೆಯಾಗಿ ನಿಂತಿತ್ತು. ಸ್ಕ್ಯಾನರಿನ ಸ್ವಯಂಚಾಲಿತ ವ್ಯವಸ್ಥೆಗೆ ಆ ನೆಗಟಿವನ್ನು ಒಪ್ಪಿಸಿದಾಗ, ಚಿತ್ರದಲ್ಲಿ ಅಚ್ಚಕಪ್ಪೂ ಅಚ್ಚಬಿಳುಪೂ ಇರಲೇಬೇಕೆಂಬ ತನ್ನ ನಿಯಮದಂತೆ ಬೂದುಬಣ್ಣಗಳನ್ನು ಎರಡು ಕಡೆಗೂ ಎಳೆದು, ಮಂಜನ್ನು ಹರಿದು, ಹಕ್ಕಿಯನ್ನು ಇದ್ದಿಲಿನಂತೆ ಕಪ್ಪಾಗಿಸಿ, ನಡುಹಗಲನ್ನೇ ತಂದು ನಿಲ್ಲಿಸಿತು. ಮೂಲವನ್ನು ದೀಪದ ಹಲಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆನು: ಮಂಜು ಇದ್ದಂತೆಯೇ ಇದ್ದಿತು.

ಕತ್ತಲೆಕೋಣೆಯೇನು ನಿಷ್ಪಾಪಿಯೆ ಎಂದು ಬಲ್ಲವರು ಕೇಳಿಯಾರು. ಅಲ್ಲ. ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಜನಸಾಮಾನ್ಯರ ಬಾಳನ್ನು ಚಿತ್ರಿಸುತ್ತಿದ್ದ ಕಾಲದಲ್ಲಿಯೂ, ಎನ್ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡಹಿಡಿದು ಒಂದೆಡೆ ತಿಳಿಯಾಗಿಸಿ ಇನ್ನೊಂದೆಡೆ ಗಾಢವಾಗಿಸುವುದು ಮುದ್ರಣಕಾರರ ನಿತ್ಯದ ಕಸುಬಾಗಿತ್ತು. ಆದರೆ ಆ ಕೈಗೆ ತಾನು ಮಾಡುತ್ತಿರುವುದೇನೆಂದು ತಿಳಿದಿತ್ತು. ತಿದ್ದುವುದು ಅಪರಾಧವಲ್ಲ, ತಿದ್ದಿದೆನೆಂಬುದನ್ನೇ ಅರಿಯದಿರುವುದು ಅಪರಾಧ. ಗ್ರಂಥಸಂಪಾದನೆಯ ಶಾಸ್ತ್ರವನ್ನು ಕನ್ನಡಿಗರಿಗೆ ವಿಶದಪಡಿಸಿದ ಡಿ. ಎಲ್. ನರಸಿಂಹಾಚಾರ್ಯರ ಪರಂಪರೆಯಲ್ಲಿ ಸಂಪಾದಕನು ಅಪಪಾಠವನ್ನು ತಿದ್ದಿದರೂ ಹಸ್ತಪ್ರತಿಯ ಪಾಠವನ್ನು ಪುಟದ ಅಡಿಯಲ್ಲಿ ಕೊಡುವನು. ಈ ಹವ್ಯಾಸಕ್ಕೆ ಬೇಕಾದ ಶಿಸ್ತು ಅದೇ. ಮೊದಲು ಯಾವ ತಿದ್ದುಪಡಿಯೂ ಇಲ್ಲದ ಒಂದು ಪ್ರತಿ. ಆಮೇಲೆ ನಮ್ಮ ರುಚಿಯ ಪ್ರತಿ. ನೆಗಟಿವಿನ ಲಕೋಟೆಯ ಮೇಲೆ ತಾರೀಖಿನೊಡನೆ, ಏನನ್ನು ಬದಲಿಸಿದೆವೆಂಬ ಒಂದು ಸಾಲು. ಇಷ್ಟು ಮಾಡದವನು ರೇಂಜ್‌ಫೈಂಡರಿನಿಂದ ಗಳಿಸಿದ ನಿಧಾನವನ್ನೆಲ್ಲ ಸ್ಕ್ಯಾನರಿನ ಒಂದು ಗುಂಡಿಗೆ ಸೋತಂತೆಯೇ ಸರಿ.

ಇದನ್ನು ನನಗೆ ಮನಗಾಣಿಸಿದುದು ಆ ಹನ್ನೊಂದು ಫ್ರೇಮುಗಳೇ. ಕುತೂಹಲಕ್ಕೆಂದು ಅವುಗಳಲ್ಲೊಂದನ್ನು ಸ್ಕ್ಯಾನರಿಗೆ ಕೊಟ್ಟೆನು. ಗಾಜಿನಂತೆ ಬರಿದಾಗಿದ್ದ ಆ ತುಣುಕಿನಲ್ಲಿ ಏನಾದರೊಂದು ಇರಲೇಬೇಕೆಂದು ಹಟತೊಟ್ಟ ಯಂತ್ರವು, ಧೂಳನ್ನೂ ಗೀರುಗಳನ್ನೂ ತನ್ನೊಳಗಿನ ಗದ್ದಲವನ್ನೂ ಹಿಗ್ಗಿಸಿ, ನಕ್ಷತ್ರಗಳು ಚೆಲ್ಲಿದ ಇರುಳಿನ ಆಕಾಶದಂಥದೊಂದನ್ನು ಪರದೆಯ ಮೇಲೆ ಬಿಡಿಸಿತು. ನೋಟವೇನೋ ಸೊಗಸಾಗಿತ್ತು. ಮೂಲದ ಲಕೋಟೆಯ ಮೇಲೆ ನಾನು ಬರೆದಿಟ್ಟ ಸಾಲು ಇಷ್ಟೆ: ಇಲ್ಲಿ ಮುಚ್ಚಳ ತೆಗೆದಿರಲಿಲ್ಲ.